ಹಾಡನ್ನು ಹಾಗೇ ನುಡಿಸಿದರೆ ಅದು ಜಾಜ್ ಆಗುತ್ತಾ?

ಅಮೆರಿಕದ ಜಾಜ್ ಪಿಯಾನೋ ವಾದಕ ಕೀತ್ ಜ್ಯಾರೆಟ್ ಒಬ್ಬರೇ ಕೂತು ನುಡಿಸಿದ ಆಲ್ಬಮ್ 'ದಿ ಮೆಲಡಿ ಅಟ್ ನೈಟ್, ವಿತ್ ಯೂ' 1999ರಲ್ಲಿ ಇಸಿಎಂ ಅನ್ನುವ ರೆಕಾರ್ಡ್ ಕಂಪನಿಯಿಂದ ಬಂತು. ಹತ್ತು ಟ್ರ್ಯಾಕ್‌ಗಳು. ಬಹುಪಾಲು ಹಳೆಯ ಅಮೆರಿಕನ್ ಹಾಡುಗಳು, ಜಾಜ್‌ನವರು ಸ್ಟ್ಯಾಂಡರ್ಡ್ ಅನ್ನುವಂಥವು. ಆದರೆ ಜಾಜ್‌ನಲ್ಲಿ ಎಲ್ಲರೂ ಎದುರುನೋಡುವ ಮನೋಧರ್ಮ, ಅಂದರೆ ಕೂತಲ್ಲೇ ಹೊಸದಾಗಿ ಕಟ್ಟಿ ನುಡಿಸುವುದು, ತೀರಾ ಕಮ್ಮಿ. ಹಾಡಿನ ಧಾಟಿ ಹೇಗಿದೆಯೋ ಹೆಚ್ಚುಕಡಿಮೆ ಹಾಗೇ ಬರುತ್ತದೆ. ಇದನ್ನು ದೊಡ್ಡ ಜಾಜ್ ಆಲ್ಬಮ್ ಅನ್ನಬಹುದಾ? ಎರಡೂ ಕಡೆಯ ವಾದ ಕೆಳಗಿದೆ. ನನ್ನ ಒಲವು ಯಾವ ಕಡೆ ಅನ್ನುವುದನ್ನು ಮುಚ್ಚಿಡಲು ಹೋಗಿಲ್ಲ.

ಪರ

ಜ್ಯಾರೆಟ್‌ಗೆ ಕೈ ಓಡಲ್ಲ ಅಂತ ಯಾರೂ ಹೇಳಲಾರರು. 1975ರ ಜನವರಿಯಲ್ಲಿ ಜರ್ಮನಿಯ ಕಲೋನ್ ಆಪೆರಾ ಹೌಸ್‌ನಲ್ಲಿ, ಸರಿಯಿಲ್ಲದ ಪಿಯಾನೋ ಮುಂದೆ ಕೂತು, ಒಂದು ಗಂಟೆಗೂ ಜಾಸ್ತಿ ಹೊತ್ತು ಆ ಕ್ಷಣಕ್ಕೆ ಹೊಳೆದದ್ದನ್ನೇ ನುಡಿಸಿದವರು. 1983ರಿಂದ ಬಾಸ್ ನುಡಿಸುವ ಗ್ಯಾರಿ ಪೀಕಾಕ್, ಡ್ರಮ್ಸ್ ನುಡಿಸುವ ಜ್ಯಾಕ್ ಡಿಜಾನೆಟ್ ಜೊತೆ ಸೇರಿ ಇಂಥವೇ ಸ್ಟ್ಯಾಂಡರ್ಡ್‌ಗಳನ್ನು ಹಿಗ್ಗಿಸಿ, ಮುರಿದು, ಮತ್ತೆ ಕಟ್ಟಿದವರು. ಅಂಥವರು ಬರೀ ಧಾಟಿ ನುಡಿಸಿದ್ದಾರೆ ಅಂದರೆ ಉಳಿದದ್ದನ್ನು ಬೇಡ ಅಂತಲೇ ಬಿಟ್ಟಿದ್ದಾರೆ.

ಈ ಆಲ್ಬಮ್‌ನ 'ಐ ಲವ್ಸ್ ಯೂ, ಪೋರ್ಗಿ' ಕೇಳಿ ನೋಡಿ. ಗರ್ಶ್ವಿನ್ ಸಂಗೀತ ಕಟ್ಟಿದ 1935ರ 'ಪೋರ್ಗಿ ಅಂಡ್ ಬೆಸ್' ಆಪೆರಾದಲ್ಲಿ ನಾಯಕಿ ಬೆಸ್ ಹಾಡುವ ಹಾಡು. ತನ್ನ ಹಳೆಯ ಪ್ರೇಮಿ, ಒರಟ ಕ್ರೌನ್ ಬಂದರೆ ನನ್ನನ್ನು ಎಳೆದುಕೊಂಡು ಹೋಗಲು ಬಿಡಬೇಡ ಅಂತ ಅವಳು ಪೋರ್ಗಿಯನ್ನು ಬೇಡಿಕೊಳ್ಳುತ್ತಾಳೆ. ಜ್ಯಾರೆಟ್ ಧಾಟಿಯ ಒಂದೊಂದೇ ಸ್ವರವನ್ನು, ಹಾಡುವವರಿಗೆ ಉಸಿರು ತಗೊಳ್ಳಲು ಬಿಡುವು ಕೊಟ್ಟಂತೆ, ನಿಧಾನಕ್ಕೆ ಇಡುತ್ತಾ ಹೋಗುತ್ತಾರೆ. ಅಸಲಿ ಕೆಲಸ ನಡೆಯುವುದು ಅದರ ಕೆಳಗೆ. ನಡುವಿನ ಸ್ವರಗಳು ಸದ್ದಿಲ್ಲದೆ ಸರಿಯುತ್ತವೆ. ಕಾರ್ಡ್ (ಒಟ್ಟಿಗೇ ನುಡಿಯುವ ಸ್ವರಗಳ ಗುಂಪು) ಬದಲಾಯಿತು ಅಂತ ನಮಗೆ ಗೊತ್ತಾಗುವಷ್ಟರಲ್ಲಿ ಅದು ಬದಲಾಗಿ ಆಗಿರುತ್ತದೆ. ಕಲ್ಪನಾಸ್ವರ ಹಾಕದೆ ಚೌಕ ಕಾಲದಲ್ಲಿ ಹಾಡಿದ ಕೀರ್ತನೆಯಲ್ಲೂ ವಿದ್ವಾಂಸರ ತೂಕ ಗೊತ್ತಾಗಿಯೇ ಆಗುತ್ತದೆ, ಅಲ್ವಾ? ಇಲ್ಲೂ ಅಷ್ಟೇ.

ಜಾಜ್‌ನಲ್ಲಿ ಬಹಳಷ್ಟು ಜನ ಧಾಟಿಯಿಂದ ಒಂದು ಸಲ ಹಾಜರಿ ಹಾಕಿಸಿ ಸೋಲೋ ಕಡೆ, ಅಂದರೆ ತಮ್ಮ ಮನೋಧರ್ಮ ತೋರಿಸುವ ಭಾಗದ ಕಡೆ ಓಡುತ್ತಾರೆ. ಆಮೇಲೆ ಅದು ಯಾವ ಹಾಡಾದರೇನು ಅನ್ನುವ ಹಾಗಾಗುತ್ತದೆ. ಹಾಡಿನ ಹತ್ತಿರವೇ ಕೂತು, ಅದಕ್ಕೆ ಏನು ಬೇಕು ಅಂತ ಕೇಳಿಸಿಕೊಳ್ಳುವುದು ಕಷ್ಟದ ಕೆಲಸ. ಅಂದಹಾಗೆ, ನುಡಿಸುತ್ತಾ ಗುನುಗುವುದು, ನರಳುವುದು ಜ್ಯಾರೆಟ್‌ರ ಹಳೆಯ ಅಭ್ಯಾಸ. ಅದೊಂದೇ ಕಾರಣಕ್ಕೆ ಅವರ ರೆಕಾರ್ಡ್ ಮುಟ್ಟದವರಿದ್ದಾರೆ. ಅಂಥವರು ಇದನ್ನು ಧೈರ್ಯವಾಗಿ ಕೇಳಬಹುದು.

ವಿರೋಧ

ಚೆನ್ನಾಗಿದೆ, ಒಪ್ಪೋಣ. ದೀಪ ಆರಿಸಿ ಕೇಳಲು ಹೇಳಿಮಾಡಿಸಿದ ಆಲ್ಬಮ್. ಆದರೆ ಪ್ರಶ್ನೆ ಅದಲ್ಲವಲ್ಲ.

'ಬೇಡ ಅಂತಲೇ ಬಿಟ್ಟಿದ್ದಾರೆ' ಅನ್ನುವ ವಾದ ನಿಲ್ಲಲ್ಲ. 1996ರಲ್ಲಿ ಜ್ಯಾರೆಟ್‌ಗೆ ಕ್ರಾನಿಕ್ ಫಟೀಗ್ ಸಿಂಡ್ರೋಮ್, ಅಂದರೆ ಸುಸ್ತು ಬಿಡದೆ ಕಾಡುವ ಕಾಯಿಲೆ ಬಂತು, ಕಛೇರಿಗಳು ನಿಂತವು. 1997ರ ಡಿಸೆಂಬರ್‌ನಲ್ಲಿ ಹೆಂಡತಿಗೆ ಕ್ರಿಸ್‌ಮಸ್ ಉಡುಗೊರೆ ಅಂತ, ನ್ಯೂಜೆರ್ಸಿಯ ಮನೆ ಪಕ್ಕದ ಸ್ಟುಡಿಯೋದಲ್ಲಿ ರೆಕಾರ್ಡಿಂಗ್ ಶುರುಮಾಡಿದರು. ಮೈ ಸ್ವಲ್ಪ ಹಗುರಾಗಿದ್ದ ದಿನ ಕೆಲವು ನಿಮಿಷ ನುಡಿಸುತ್ತಿದ್ದರು. ಅದಕ್ಕಿಂತ ಜಾಸ್ತಿ ತ್ರಾಣ ಇರಲಿಲ್ಲ ಅಂತ ಅವರೇ ಹೇಳಿದ್ದಾರೆ. ಮನಸ್ಸು ಕರಗುವ ಕತೆ. ತೊಂದರೆ ಏನಂದರೆ, ಈಗ ಎಲ್ಲರೂ ಮೊದಲು ಆ ಕತೆ ಕೇಳಿಕೊಂಡೇ ಆಲ್ಬಮ್ ಹಾಕುತ್ತಾರೆ. ಹಾಗಾಗಿ ಸಪ್ಪೆ ಜಾಗವೂ ಸರಳ ಅನ್ನಿಸಿಕೊಳ್ಳುತ್ತದೆ. ಹೆಸರು, ಕತೆ ಏನೂ ಹೇಳದೆ ಇದರಲ್ಲಿರುವ 'ಮೈ ವೈಲ್ಡ್ ಐರಿಷ್ ರೋಸ್' ಅನ್ನು ದೊಡ್ಡ ಹೋಟೆಲಿನ ಲಾಬಿಯಲ್ಲಿ ಹಾಕಿ. ಒಬ್ಬರೂ ತಲೆ ಎತ್ತಿ ನೋಡಲ್ಲ.

ಇದಕ್ಕೆ ಎದುರಾಗಿ ಹಿಂದಿನ ತಲೆಮಾರಿನ ಜಾಜ್ ಪಿಯಾನೋ ವಾದಕ ಆರ್ಟ್ ಟೇಟಮ್ ಹೆಸರು ಹೇಳುವುದು ಸುಲಭ. 1953ರಿಂದ 55ರವರೆಗೆ ರೆಕಾರ್ಡ್ ನಿರ್ಮಾಪಕ ನಾರ್ಮನ್ ಗ್ರಾಂಜ್‌ಗಾಗಿ ನೂರಕ್ಕೂ ಹೆಚ್ಚು ಸ್ಟ್ಯಾಂಡರ್ಡ್‌ಗಳನ್ನು ಒಬ್ಬರೇ ನುಡಿಸಿದವರು. ಬಾಸ್, ಡ್ರಮ್ಸ್ ಎಲ್ಲ ಆ ಎರಡು ಕೈಯಲ್ಲೇ. ಆದರೆ ಟೇಟಮ್‌ರದು ಬೇರೆಯೇ ದಾರಿ, ಅದನ್ನಿಲ್ಲಿ ಅಳತೆಗೋಲು ಮಾಡುವುದು ನ್ಯಾಯವಲ್ಲ.

ಅದರ ಬದಲು ಇನ್ನೊಬ್ಬ ಜಾಜ್ ಪಿಯಾನೋ ವಾದಕ ಥಿಲೋನಿಯಸ್ ಮಂಕ್‌ರನ್ನು ತಗೊಳ್ಳಿ. 1959ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಒಬ್ಬರೇ ರೆಕಾರ್ಡ್ ಮಾಡಿದ 'ಎವ್ರಿಥಿಂಗ್ ಹ್ಯಾಪನ್ಸ್ ಟು ಮಿ' ಕೇಳಿ. ಅವರೂ ನಿಧಾನ. ಅವರೂ ಧಾಟಿಯನ್ನು ಬಿಟ್ಟು ದೂರ ಹೋಗಲ್ಲ. ಆದರೂ ಅಕ್ಕಪಕ್ಕದ ಎರಡು ಕೀಗಳನ್ನು ಒಟ್ಟಿಗೇ ಒತ್ತಿ ಸ್ವರಕ್ಕೆ ಚುರುಕು ಮುಟ್ಟಿಸುತ್ತಾರೆ. ಬರಬೇಕಾದ ಸ್ವರವನ್ನು ತಡೆದು ಕಾಯಿಸುತ್ತಾರೆ. ನಾಲ್ಕು ಬಾರ್ (ತಾಳದ ನಾಲ್ಕು ಸುತ್ತು) ಕೇಳಿದರೆ ಸಾಕು, ಇದು ಮಂಕ್ ಅಂತ ಗೊತ್ತಾಗುತ್ತದೆ. ಹಾಡು ಹಾಗೇ ಇದೆ, ಆದರೆ ಮುಂದೇನು ಅನ್ನುವ ಅಳುಕು ಕೇಳುವವರನ್ನು ಬಿಡಲ್ಲ. ಜ್ಯಾರೆಟ್ ಆಲ್ಬಮ್‌ನಲ್ಲಿ ಆ ಅಳುಕೇ ಇಲ್ಲ. ಎಲ್ಲ ನಿಧಾನ, ಎಲ್ಲ ಮೆತ್ತಗೆ, ಒಂದಾದ ಮೇಲೊಂದು.

ಆಲ್ಬಮ್‌ನ ಎರಡು ಟ್ರ್ಯಾಕ್ ಮಾತ್ರ ಬೇರೆ. ಎಲಿಂಗ್ಟನ್‌ರ 'ಐ ಗಾಟ್ ಇಟ್ ಬ್ಯಾಡ್'ನಲ್ಲಿ ಬೆರಳು ಸಡಿಲವಾಗಿ ಧಾಟಿಯಿಂದ ಆಚೆ ಹೋಗುತ್ತದೆ. 'ಬ್ಲೇಮ್ ಇಟ್ ಆನ್ ಮೈ ಯೂತ್' ಬಾಲಕ್ಕೆ ಅವರೇ ಜೋಡಿಸಿದ 'ಮೆಡಿಟೇಶನ್' ಇದೆ. ಪರ ವಾದಿಸುವವರು ಈ ಎರಡನ್ನು ಕೇಳಿ, ತಕ್ಷಣ ಉಳಿದ ಎಂಟನ್ನು ಹಾಕಿ ನೋಡಲಿ.