ಅಂಕ ಬಿದ್ದರೆ ಬೀಳಲಿ ಬಿಡಿ

ಇಂಡೋನೇಷ್ಯಾದ ಸುರಬಾಯಾ ನಗರ, 2011. ಆರನೇ ಕ್ಲಾಸಿನಲ್ಲಿ ಒಬ್ಬ ಜಾಣ ಹುಡುಗ. ರಾಷ್ಟ್ರೀಯ ಪರೀಕ್ಷೆ ಹತ್ತಿರ ಬಂದಾಗ ಮೇಷ್ಟ್ರೇ ಅವನನ್ನು ಕರೆದು, ನಿನ್ನ ಉತ್ತರಗಳನ್ನು ಉಳಿದವರಿಗೂ ಕೊಡಬೇಕು ಅಂದರು. ಹೇಗೆ ಕೊಡಬೇಕು ಅಂತ ರಿಹರ್ಸಲ್ ಬೇರೆ ಆಯಿತು. ಹುಡುಗ ಅಮ್ಮನ ಹತ್ತಿರ ಹೇಳಿಕೊಂಡ. ಆಕೆ ಶಾಲೆಗೆ ಹೋಗಿ ಕೇಳಿದರು, ಸರಿಯಾದ ಉತ್ತರ ಸಿಗಲಿಲ್ಲ. ಕೊನೆಗೆ ರೇಡಿಯೊಗೆ ಹೇಳಿದರು. ಸುದ್ದಿ ಮೇಯರ್ ತನಕ ಹೋಯಿತು, ಹೆಡ್‌ಮಾಸ್ಟರ್ ಮತ್ತು ಇಬ್ಬರು ಶಿಕ್ಷಕರ ಮೇಲೆ ಕ್ರಮವೂ ಆಯಿತು.

ಊರವರು ತಿರುಗಿಬಿದ್ದದ್ದು ಯಾರ ಮೇಲೆ ಗೊತ್ತಾ? ಆ ತಾಯಿಯ ಮೇಲೆ. ಪರೀಕ್ಷೆ ಮತ್ತೆ ಮಾಡಿದರೆ ನಮ್ಮ ಮಕ್ಕಳ ಗತಿ ಏನು ಅನ್ನುವ ಸಿಟ್ಟು. ಸಭೆಯಲ್ಲಿ 'ಇವರನ್ನು ಓಡಿಸಿ' ಅಂತ ಕೂಗಿದರು. ಆ ಕುಟುಂಬ ಮನೆ ಬಿಟ್ಟು ಪಕ್ಕದ ಗ್ರೆಸಿಕ್‌ನಲ್ಲಿದ್ದ ಆಕೆಯ ತವರಿಗೆ ಹೋಗಬೇಕಾಯಿತು.

ಇದನ್ನು ಓದಿದಾಗ ನನಗೆ ಆಶ್ಚರ್ಯ ಆಗಲಿಲ್ಲ. ಆಗಬೇಕಿತ್ತು, ಆಗಲಿಲ್ಲ. ಇಪ್ಪತ್ತೆಂಟು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವನು ನಾನು. ಒಂದು ವರ್ಷ ಎಸ್ಸೆಸ್ಸೆಲ್ಸಿ ಡ್ಯೂಟಿಗೆ ಹೋಗಿದ್ದಾಗ, ಕೊನೆಯ ಅರ್ಧ ಗಂಟೆಯಲ್ಲಿ ಅಲ್ಲಿನವರೊಬ್ಬರು ಬಾಗಿಲಿಗೆ ಬಂದು, 'ಸರ್, ಸ್ವಲ್ಪ ಟೀ ಕುಡ್ಕೊಂಡು ಬನ್ನಿ, ನಾನು ನೋಡ್ಕೋತೀನಿ' ಅಂದರು. ಯಾಕೆ ಅಂತ ನನಗೆ ಗೊತ್ತಿತ್ತು. ಹೋದೆ. ಟೀ ಕುಡಿದೆ. ವಾಪಸ್ ಬಂದಾಗ ಬೋರ್ಡ್ ಒದ್ದೆ ಬಟ್ಟೆಯಲ್ಲಿ ಒರೆಸಿದ ಹಾಗಿತ್ತು, ಒಂದು ಅಂಕದ ಪ್ರಶ್ನೆಗಳೆಲ್ಲ ಎಲ್ಲರದೂ ಭರ್ತಿಯಾಗಿದ್ದವು.

ಹಾಗಾಗಿ ಪರೀಕ್ಷೆಯ ನಕಲಿನ ಬಗ್ಗೆ ಇಂಡೋನೇಷ್ಯಾದ ಒಂದು ಸಂಶೋಧನೆ ಕೈಗೆ ಸಿಕ್ಕಾಗ ಒಂದೇ ಉಸಿರಿಗೆ ಓದಿದೆ. ಬರೆದವರಲ್ಲಿ ಡೇನಿಯಲ್ ಸೂರ್ಯದರ್ಮ, ಮೆನ್ನೊ ಪ್ರಧಾನ್ ಇದ್ದಾರೆ. (ಹೆಸರು ನೋಡಿ ನಮ್ಮವರೇ ಅಂದುಕೊಳ್ಳಬೇಡಿ, ಎರಡನೆಯವರು ಆಮ್‌ಸ್ಟರ್‌ಡ್ಯಾಮ್‌ನ ಪ್ರೊಫೆಸರ್.) ಇಂಡೋನೇಷ್ಯಾ ಸರ್ಕಾರದ ಪರೀಕ್ಷಾ ಕೇಂದ್ರದಲ್ಲೇ ಕೆಲಸ ಮಾಡುತ್ತಿದ್ದವರೂ ಒಬ್ಬರಿದ್ದಾರೆ. ನನಗೆ ಹಿಡಿಸಿದ್ದು ಅದೇ. ತಮ್ಮ ಮನೆಯ ಹುಳುಕನ್ನು ತಾವೇ ಲೆಕ್ಕ ಹಾಕಿ 2024ರಲ್ಲಿ ಒಂದು ದೊಡ್ಡ ಅರ್ಥಶಾಸ್ತ್ರ ಪತ್ರಿಕೆಯಲ್ಲಿ ಪ್ರಕಟಿಸಿದ್ದಾರೆ.

ಹಿನ್ನೆಲೆ ಇಷ್ಟು. ಅಲ್ಲಿ ಹಲವು ವರ್ಷ ರಾಷ್ಟ್ರೀಯ ಪರೀಕ್ಷೆಯ ಮೇಲೆಯೇ ಪಾಸು ಫೇಲು ನಿಂತಿತ್ತು. ಉತ್ತರದ ಕೀಲಿಗಳು ಮೊಬೈಲಿನಲ್ಲಿ ಓಡಾಡುತ್ತಿದ್ದವು. ಅದಕ್ಕೆ ಅವರು 'ಕುಂಚಿ ಜವಾಬಾನ್' ಅನ್ನುತ್ತಾರೆ, ನಮ್ಮ 'ಜವಾಬು' ಅಲ್ಲಿಯೂ ಇದೆ ನೋಡಿ. ನಕಲು ತಡೆಯಲು 2013ರಲ್ಲಿ ಒಂದು ಕೊಠಡಿಯ 20 ಮಕ್ಕಳಿಗೆ 20 ಬಗೆಯ ಪ್ರಶ್ನೆಪತ್ರಿಕೆ ಮಾಡಿದರು. ಅಷ್ಟೊಂದು ಬಗೆ ಹೊತ್ತಿಗೆ ಸರಿಯಾಗಿ ಅಚ್ಚಾಗಿ ತಲುಪದೆ 11 ಪ್ರಾಂತ್ಯಗಳಲ್ಲಿ ಪರೀಕ್ಷೆಯೇ ಮುಂದಕ್ಕೆ ಹೋಯಿತು.

2015ರಿಂದ ಕಂಪ್ಯೂಟರ್ ಬಂತು. ಮೊದಲ ವರ್ಷ 556 ಶಾಲೆಗಳು ಮಾತ್ರ, ಆಮೇಲೆ ವರ್ಷ ವರ್ಷವೂ ಜಾಸ್ತಿ. ಕಂಪ್ಯೂಟರ್ ಸಾಲದ ಕಡೆ ದಿನಕ್ಕೆ ಮೂರು ಪಾಳಿ, ಇಲ್ಲವೇ ಇಲ್ಲದ ಶಾಲೆಯ ಮಕ್ಕಳು ಪಕ್ಕದ ಶಾಲೆಯ ಲ್ಯಾಬಿಗೆ. ಪ್ರಶ್ನೆಗಳು ಜಕಾರ್ತಾದಿಂದ ಶಾಲೆಯ ಸರ್ವರ್‌ಗೆ ಇಳಿಯುತ್ತಿದ್ದವು, ಉತ್ತರಗಳು ಅಲ್ಲಿಗೇ ವಾಪಸ್ ಹೋಗುತ್ತಿದ್ದವು. ಮಕ್ಕಳು ಎದ್ದು ಹೋದ ಮೇಲೆ ಕೂತು ತಿದ್ದಲು ಉತ್ತರಪತ್ರಿಕೆಯೇ ಇಲ್ಲ!

ಏನಾಯಿತು? ಅಂಕ ದಬಕ್ಕನೆ ಬಿತ್ತು. ಅವರ ಭಾಷೆಯಲ್ಲಿ 0.4 ಸ್ಟ್ಯಾಂಡರ್ಡ್ ಡೀವಿಯೇಷನ್. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ನೂರು ಮಕ್ಕಳನ್ನು ಅಂಕದ ಪ್ರಕಾರ ಸಾಲಾಗಿ ನಿಲ್ಲಿಸಿದಾಗ ನಟ್ಟನಡುವೆ ಇದ್ದವನು ಹದಿನೈದು ಜನರಷ್ಟು ಹಿಂದಕ್ಕೆ ಹೋದ ಹಾಗೆ. ಮೌಸ್ ಹಿಡಿಯಲು ಬಾರದೆ ಬಿದ್ದಿರಬಹುದಲ್ವಾ ಅಂತ ನನಗೂ ಅನ್ನಿಸಿತು. ಅದನ್ನೂ ನೋಡಿದ್ದಾರೆ. ಹಿಂದಿನ ವರ್ಷಗಳ ಉತ್ತರಗಳಲ್ಲಿ ನಕಲಿನ ವಾಸನೆ ಇದ್ದ ಶಾಲೆಗಳಲ್ಲೇ ಅಂಕ ಹೆಚ್ಚು ಬಿದ್ದಿದೆ. ಇಡೀ ಕ್ಲಾಸು ಒಂದೇ ಪ್ರಶ್ನೆಗೆ ಒಂದೇ ತಪ್ಪು ಉತ್ತರ ಬರೆದರೆ ಯಾವ ಮೇಷ್ಟ್ರಿಗೂ ಗೊತ್ತಾಗುತ್ತದೆ. ಅದನ್ನೇ ಅವರು ಸಾವಿರಾರು ಶಾಲೆಗಳ ಲೆಕ್ಕದಲ್ಲಿ ಹುಡುಕಿದ್ದಾರೆ, ಅಷ್ಟೇ.

ಇನ್ನೊಂದು ತಮಾಷೆ ಇದೆ. ಜಿಲ್ಲೆಯಲ್ಲಿ ಕಂಪ್ಯೂಟರ್ ಶಾಲೆಗಳು ಹೆಚ್ಚಾದ ಹಾಗೆ, ಇನ್ನೂ ಕಾಗದದಲ್ಲೇ ಪರೀಕ್ಷೆ ಬರೆಸುತ್ತಿದ್ದ ಶಾಲೆಗಳಲ್ಲೂ ನಕಲು ಇಳಿಯಿತು. ಯಾಕೆ ಅನ್ನುವುದಕ್ಕೆ ನನ್ನದೊಂದು ಊಹೆ. ಎಲ್ಲರೂ ಮಾಡುತ್ತಿದ್ದಾಗ ಯಾರೂ ಕಾಣಿಸುವುದಿಲ್ಲ. ಅಕ್ಕಪಕ್ಕದ ನಾಲ್ಕು ಶಾಲೆ 50ಕ್ಕೆ ಇಳಿದಾಗ ತನ್ನದೊಂದೇ 90ರಲ್ಲಿ ನಿಂತರೆ ಹೆಡ್‌ಮಾಸ್ಟರಿಗೇ ಮುಜುಗರ.

ಆದರೆ ನಾನು ಇಷ್ಟುದ್ದ ಬರೆಯುತ್ತಿರುವುದು ಬಿದ್ದ ಅಂಕಕ್ಕಾಗಿ ಅಲ್ಲ. ಎರಡು ವರ್ಷದಲ್ಲಿ ಆ ಅಂಕ ಮತ್ತೆ ಮೇಲಕ್ಕೆ ಬಂತು, ಅದಕ್ಕಾಗಿ. ಕಳ್ಳದಾರಿ ಮುಚ್ಚಿದ ಮೇಲೆ ಉಳಿದದ್ದು ಪಾಠ ಒಂದೇ. ಮಕ್ಕಳು ಓದಿದರು, ಮೇಷ್ಟ್ರುಗಳು ಕಲಿಸಿದರು ಅಂತ ಸಂಶೋಧಕರು ಅರ್ಥ ಮಾಡುತ್ತಾರೆ. 2015ರಿಂದ ಆ ಪರೀಕ್ಷೆಯ ಮೇಲೆ ಪಾಸು ಫೇಲು ನಿಲ್ಲದಂತೆ ಮಾಡಿದ್ದೂ ಕೈ ಹಿಡಿದಿರಬೇಕು. ಬಿದ್ದರೂ ಹುಡುಗನ ಬದುಕು ಮುಳುಗುತ್ತಿರಲಿಲ್ಲ.

ಇಲ್ಲಿ ನಮ್ಮ 2024ನ್ನು ನೆನೆಸಿಕೊಳ್ಳದೆ ಇರಲು ಆಗುವುದಿಲ್ಲ. ಎಸ್ಸೆಸ್ಸೆಲ್ಸಿ ಕೊಠಡಿಗಳಿಗೆ ಕ್ಯಾಮೆರಾ, ವೆಬ್‌ಕಾಸ್ಟಿಂಗ್ ಬಂತು. ಹಿಂದಿನ ವರ್ಷ ಶೇ 83.89 ಇದ್ದ ಫಲಿತಾಂಶ ಶೇ 73.40 ಆಯಿತು. ಅದೂ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೆ. ನಿಜವಾದ ಸಂಖ್ಯೆ ಇನ್ನೂ ಸುಮಾರು ಇಪ್ಪತ್ತು ಕೆಳಗಿತ್ತು. ಹೋದ ಜೀವ ಬಂದ ಹಾಗೆ ನಾವೆಲ್ಲ ಕೃಪಾಂಕವನ್ನು ಸ್ವಾಗತಿಸಿದೆವು. ನನಗೆ ಮಕ್ಕಳ ಮೇಲೆ ಸಿಟ್ಟಿಲ್ಲ, ಆ ವರ್ಷ ಬರೆದವರಿಗೆ ಕೊಟ್ಟದ್ದೂ ತಪ್ಪಲ್ಲ ಅನ್ನಿ. ಸಿಟ್ಟು ಇರುವುದು ಫಲಿತಾಂಶದ ದಿನ ನಡೆದ ಮಾತುಗಳ ಮೇಲೆ. 'ಫಲಿತಾಂಶ ಕುಸಿತ, ಯಾರು ಹೊಣೆ?' ಅಂತ ಎಲ್ಲರೂ ಕೇಳಿದರು. ಹಿಂದಿನ ವರ್ಷಗಳ ಏರಿಕೆಗೆ ಯಾರು ಹೊಣೆ ಅಂತ ಒಬ್ಬರೂ ಕೇಳಲಿಲ್ಲ. ನನ್ನನ್ನು ಕೇಳಿದ್ದರೆ ಆ ಟೀ ಲೋಟದ ಕಥೆ ಹೇಳುತ್ತಿದ್ದೆ.

ಇಂಡೋನೇಷ್ಯಾದವರೇನು ಮಹಾ ಜಾಣರಲ್ಲ ಬಿಡಿ. ಅಷ್ಟು ಕಷ್ಟಪಟ್ಟು ಪರೀಕ್ಷೆಯನ್ನು ಶುದ್ಧ ಮಾಡಿದರು, 2019ರ ಡಿಸೆಂಬರಿನಲ್ಲಿ ಹೊಸ ಮಂತ್ರಿ ಬಂದು ಆ ಪರೀಕ್ಷೆಯನ್ನೇ ತೆಗೆದುಹಾಕುತ್ತೇವೆ ಅಂದರು. 2020ರದ್ದು ಕೋವಿಡ್‌ನಿಂದ ರದ್ದಾಯಿತು, ಆಮೇಲೆ ಅದು ಬರಲೇ ಇಲ್ಲ. ಬದಲಿಗೆ 5, 8, 11ನೇ ಕ್ಲಾಸಿನ ಕೆಲವೇ ಮಕ್ಕಳನ್ನು ಆರಿಸಿ ಶಾಲೆಯನ್ನು ಅಳೆಯುವ ಪದ್ಧತಿ ಬಂತು. ಈಗ ಇನ್ನೊಬ್ಬ ಮಂತ್ರಿ, 2025ರ ನವೆಂಬರಿನಲ್ಲಿ ಇನ್ನೊಂದು ಪರೀಕ್ಷೆ, ಹೆಸರು ಟಿಕೆಎ, ಅಂದರೆ ಶೈಕ್ಷಣಿಕ ಸಾಮರ್ಥ್ಯ ಪರೀಕ್ಷೆ. ಕಡ್ಡಾಯವಲ್ಲವಂತೆ. ಅದರ ಉತ್ತರಗಳನ್ನೂ ಯಾರಾದರೂ ಹೀಗೆ ಕೂತು ಲೆಕ್ಕ ಹಾಕಲಿ ಅಂತ ಕಾಯುತ್ತಿದ್ದೇನೆ. ನಮ್ಮ 2024ರ ಉತ್ತರಪತ್ರಿಕೆಗಳನ್ನು ಹಾಗೆ ನೋಡಿದವರು ಯಾರಾದರೂ ಇದ್ದರೆ ಕಾಮೆಂಟಿನಲ್ಲಿ ತಿಳಿಸಿ, ಓದುತ್ತೇನೆ.