ಲೈಕು, ವ್ಯೂಗಳ ಲೆಕ್ಕ ಎಲ್ಲರಿಗೂ ಕಾಣಬೇಕೇ?

ಪರ: ಮುಚ್ಚಿಟ್ಟರೆ ನೋಡುಗರಿಗೇ ನಷ್ಟ

ಬೋರ್‌ವೆಲ್ ಮೋಟಾರಿನ ಸ್ಟಾರ್ಟರ್ ಕೆಟ್ಟರೆ ಏನು ಮಾಡಬೇಕು ಅಂತ ಯೂಟ್ಯೂಬ್‌ನಲ್ಲಿ ಹುಡುಕಿ ನೋಡಿ. ಸಾಲು ಸಾಲು ವಿಡಿಯೊ ಬರುತ್ತವೆ. ಯಾವುದು ಸರಿ, ಯಾವುದು ಸುಮ್ನೆ ಟೈಮ್ ಹಾಳು? ಮೊದಲಾದರೆ ಡಿಸ್‌ಲೈಕ್ ಎಷ್ಟಿದೆ ಅಂತ ನೋಡುತ್ತಿದ್ದೆವು. ಲೈಕಿಗಿಂತ ಜಾಸ್ತಿ ಇದ್ದರೆ ಬಿಟ್ಟು ಮುಂದೆ ಹೋಗುತ್ತಿದ್ದೆವು. 2021ರ ನವೆಂಬರ್‌ನಲ್ಲಿ ಯೂಟ್ಯೂಬ್ ಆ ಸಂಖ್ಯೆಯನ್ನು ಮರೆಮಾಡಿತು. ಗುಂಪು ಕಟ್ಟಿಕೊಂಡು ಬಂದು ಡಿಸ್‌ಲೈಕ್ ಒತ್ತುವವರಿಂದ ಸಣ್ಣ ಚಾನೆಲ್‌ಗಳಿಗೆ ತೊಂದರೆ ಆಗುತ್ತಿದೆ ಅನ್ನುವುದು ಅದು ಕೊಟ್ಟ ಕಾರಣ. ತೊಂದರೆ ನಿಜವೇ. ಆದರೆ ತಪ್ಪು ವಿಡಿಯೊ ನಂಬಿ ಕರೆಂಟಿಗೆ ಕೈ ಹಾಕುವವರ ತೊಂದರೆ ಅದಕ್ಕಿಂತ ದೊಡ್ಡದು ಅಲ್ವಾ?

ಮುಚ್ಚಿಟ್ಟ ಮಾತ್ರಕ್ಕೆ ಎಣಿಕೆಯೇನೂ ನಿಂತಿಲ್ಲ. ವಿಡಿಯೊ ಮಾಡಿದವರಿಗೆ ಯೂಟ್ಯೂಬ್ ಸ್ಟುಡಿಯೊದಲ್ಲಿ, ಅಂದರೆ ಚಾನೆಲ್ ನಡೆಸುವವರಿಗೆ ಮಾತ್ರ ತೆರೆಯುವ ಪುಟದಲ್ಲಿ, ಡಿಸ್‌ಲೈಕ್ ಸಂಖ್ಯೆ ಕಾಣುತ್ತದೆ. ಕಂಪನಿಯ ಹತ್ತಿರವಂತೂ ಪೂರ್ತಿ ಲೆಕ್ಕ ಇದೆ. ಗುಂಡಿ ಒತ್ತಿದವರು ನಾವು. ಲೆಕ್ಕ ಕಾಣದೇ ಇರುವುದೂ ನಮಗೇ. ಇದು ನ್ಯಾಯವಲ್ಲ.

ವಿರೋಧ: ಸೇರೇ ಬೇರೆ ಬೇರೆ ಇರುವಾಗ ಅಳೆದು ಏನು ಫಲ?

ನನ್ನ ಅಕ್ಕನ ಮಗಳು ಯಕ್ಷಗಾನ ಕಲಿಯುತ್ತಿದ್ದಾಳೆ. ಹೊಸದಾಗಿ ಕಲಿತ ಹೆಜ್ಜೆಯ ರೀಲ್ ಮಾಡಿ ಇನ್‌ಸ್ಟಾಗ್ರಾಮ್‌ಗೆ ಹಾಕಿದಳು. ಒಂದು ಗಂಟೆ ಬಿಟ್ಟು ನೋಡಿದರೆ ಅದು ಇರಲೇ ಇಲ್ಲ. "ಹನ್ನೊಂದೇ ಲೈಕ್ ಬಂದಿತ್ತು ಮಾವ, ಎಲ್ಲರಿಗೂ ಕಾಣುತ್ತೆ, ತೆಗೆದುಬಿಟ್ಟೆ" ಅಂದಳು. ಗುರುಗಳು ಮೆಚ್ಚಿದ ಹೆಜ್ಜೆ ಅದು. ಅವಳ ಅಜ್ಜಿ ವಾಟ್ಸಾಪ್‌ನಲ್ಲಿ ಅದನ್ನೇ ತಿರುಗಿ ತಿರುಗಿ ಹಾಕಿಸಿಕೊಂಡು ನೋಡಿದ್ದರು. ಅಜ್ಜಿ ನೋಡಿದ್ದು ಆ ಹನ್ನೊಂದರಲ್ಲಿ ಸೇರಿಲ್ಲ. ನನಗೆ ಹೊಟ್ಟೆ ಉರಿದದ್ದು ಅದಕ್ಕೇ.

ಅಷ್ಟಕ್ಕೂ ಈ ಸಂಖ್ಯೆಗಳು ಏನನ್ನು ಅಳೆಯುತ್ತವೆ? ಫೇಸ್‌ಬುಕ್ ವಿಡಿಯೊ 3 ಸೆಕೆಂಡ್ ಓಡಿದರೆ ಒಂದು ವ್ಯೂ ಅಂತ ಎಣಿಸುತ್ತಿತ್ತು. ಯೂಟ್ಯೂಬ್ ಶಾರ್ಟ್ಸ್‌ನಲ್ಲಿ 2025ರ ಮಾರ್ಚ್ 31ರಿಂದ ಪ್ಲೇ ಶುರುವಾದರೇ ಒಂದು ವ್ಯೂ. ಬೆರಳು ಜಾರಿಸುವಾಗ ಕಣ್ಣಿಗೆ ಬಿದ್ದದ್ದೂ, ಕೂತು ಪೂರ್ತಿ ನೋಡಿದ್ದೂ ಒಂದೇ ಲೆಕ್ಕ. ಸಂತೆಯಲ್ಲಿ ಒಬ್ಬೊಬ್ಬರೂ ಒಂದೊಂದು ಅಳತೆಯ ಸೇರು ಇಟ್ಟುಕೊಂಡರೆ ನಾವು ಒಪ್ಪುತ್ತೇವಾ? ಕಂಪನಿಗಳೇ ಎಡವಿದ್ದೂ ಉಂಟು. ಜನ ಸರಾಸರಿ ಎಷ್ಟು ಹೊತ್ತು ವಿಡಿಯೊ ನೋಡುತ್ತಾರೆ ಅನ್ನುವುದನ್ನು ಜಾಸ್ತಿ ಮಾಡಿ ತೋರಿಸಿದ್ದೆವು ಅಂತ ಫೇಸ್‌ಬುಕ್ 2016ರಲ್ಲಿ ಒಪ್ಪಿಕೊಂಡಿತು. 3 ಸೆಕೆಂಡಿಗೂ ಮೊದಲೇ ಬಿಟ್ಟುಹೋದವರನ್ನು ಅದು ಸರಾಸರಿಗೆ ಸೇರಿಸಿಯೇ ಇರಲಿಲ್ಲ.

ಡಿಸ್‌ಲೈಕ್ ನೋಡಿದರೆ ತಪ್ಪು ಗೊತ್ತಾಗುತ್ತದೆ ಎನ್ನುತ್ತಾರೆ. ಏನು ತಪ್ಪು ಅಂತ ಗೊತ್ತಾಗುವುದಿಲ್ಲವಲ್ಲ! "ಆ ವೈರ್ ಅಲ್ಲಿಗೆ ಕೊಡಬೇಡಿ" ಅಂತ ಕೆಲಸ ಬಲ್ಲವರೊಬ್ಬರು ಕಾಮೆಂಟ್ ಹಾಕಿದರೆ ಸಾಕು, ಅದು ಸಾವಿರ ಡಿಸ್‌ಲೈಕಿಗಿಂತ ಮೇಲು.

ಇನ್‌ಸ್ಟಾಗ್ರಾಮ್ 2019ರಲ್ಲಿ ಮೊದಲು ಕೆನಡಾದಲ್ಲಿ, ಆಮೇಲೆ ಇನ್ನೂ ಕೆಲವು ದೇಶಗಳಲ್ಲಿ ಲೈಕ್ ಸಂಖ್ಯೆ ಮುಚ್ಚಿ ನೋಡಿತು. 2021ರಲ್ಲಿ ಅದನ್ನು ಎಲ್ಲರ ಆಯ್ಕೆಗೆ ಬಿಟ್ಟಿತು. ಆದರೆ ಆ ಆಯ್ಕೆಯನ್ನು ನಾವೇ ಸೆಟ್ಟಿಂಗ್ಸ್‌ನಲ್ಲಿ ಹುಡುಕಿ ಆನ್ ಮಾಡಬೇಕು. ಹದಿನಾಲ್ಕು ವರ್ಷದ ಹುಡುಗಿ ಅದನ್ನು ಹುಡುಕುವುದಿಲ್ಲ, ರೀಲನ್ನೇ ಅಳಿಸುತ್ತಾಳೆ. ಮೊದಲಿನಿಂದಲೇ ಮುಚ್ಚಿರಲಿ, ತೋರಿಸಬೇಕು ಅನ್ನುವವರು ತೆರೆದುಕೊಳ್ಳಲಿ.