‘ಇಬ್ಬರೂ ಸೇರಿ’ ಅನ್ನುವ ಉತ್ತರದ ಹಿಂದೆ

ದೊಡ್ಡ ಖರೀದಿಯನ್ನು ‘ಇಬ್ಬರೂ ಸೇರಿ’ ತೀರ್ಮಾನಿಸುತ್ತೇವೆ ಎಂದು ಹೆಚ್ಚಿನ ಹೆಂಗಸರು ಸಮೀಕ್ಷೆಯಲ್ಲಿ ಹೇಳಿದ್ದಾರೆ, ಹಾಗಾಗಿ ಗಂಡ ಹೆಂಡತಿ ನಡುವಿನ ಅಂತರ ಕಡಿಮೆಯಾಗಿದೆ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಆ ಉತ್ತರವನ್ನೂ ಹೆಂಡತಿಯ ಪಾಲುದಾರಿಕೆ ಎಂದೇ ಲೆಕ್ಕ ಹಾಕುತ್ತದೆ. ನಮ್ಮ ಮನೆಗೆ ಸ್ಕೂಟರ್ ಬಂದಾಗ ಅಪ್ಪ ಅಡ್ವಾನ್ಸ್ ಕಟ್ಟಿ ಬಂದು, ಚಪ್ಪಲಿ ಬಿಡುತ್ತಾ ಅಮ್ಮನಿಗೆ ವಿಷಯ ಹೇಳಿದರು. ಅಮ್ಮ ‘ಸರಿ’ ಅಂದರು, ಒಲೆ ಮೇಲಿನ ಹಾಲು ನೋಡಲು ಹೋದರು. ಯಾರಾದರೂ ಕೇಳಿದ್ದರೆ ಅಮ್ಮ ಕೂಡ ‘ಇಬ್ಬರೂ ಸೇರಿ ತಗೊಂಡೆವು’ ಅಂತಲೇ ಹೇಳುತ್ತಿದ್ದರು. ಅದು ಸುಳ್ಳಲ್ಲ, ಅವರು ನಿಜವಾಗಿ ಹಾಗೇ ನಂಬಿದ್ದರು.

ಮನೆಯ ಒಟ್ಟು ಖರ್ಚನ್ನು ತಲೆಗಿಷ್ಟು ಎಂದು ಹಂಚುವ ಲೆಕ್ಕವೂ ಅಷ್ಟೇ. ಮೀನಿನ ತಲೆ, ತಳದ ಸಾರು ಯಾರ ತಟ್ಟೆಗೆ ಹೋಯಿತು ಎಂದು ಅದು ಕೇಳುವುದೇ ಇಲ್ಲ.

ನನಗೆ ಜಾಸ್ತಿ ನಂಬಿಕೆ ಇರುವುದು ಸಮಯದ ಲೆಕ್ಕದ ಮೇಲೆ. 2019ರ ಸಮಯ ಬಳಕೆ ಸಮೀಕ್ಷೆ ಇಡೀ ದಿನವನ್ನು ಅರ್ಧ ಅರ್ಧ ಗಂಟೆಯಾಗಿ ಬಿಡಿಸಿ ಕೇಳಿತು. ಸಂಬಳವಿಲ್ಲದ ಮನೆಗೆಲಸಕ್ಕೆ, ಅದನ್ನು ಮಾಡುವ ಹೆಂಗಸರು ಆಗ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಗಂಡಸರು 97 ನಿಮಿಷ. ದುಡ್ಡಿನ ವಿಷಯದಲ್ಲೂ ‘ಯಾರು ತೀರ್ಮಾನ ಮಾಡುತ್ತೀರಿ’ ಎಂದು ಸುಮ್ನೆ ಕೇಳುವ ಬದಲು, ‘ಕಳೆದ ತಿಂಗಳು ಯಾರನ್ನೂ ಕೇಳದೆ ನಿಮಗಾಗಿ ಎಷ್ಟು ಖರ್ಚು ಮಾಡಿದಿರಿ’ ಎಂದು ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಕೇಳಬೇಕು, ಅಲ್ವಾ?